ಒಂದು ಚಾಸಿಸ್, ಎರಡು ಸೂಪರ್‌ವೈಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಜಾಲದ ಚಾಸಿಸ್ ಸ್ವಿಚ್‌ಗೆ ಎರಡನೆಯ ಸೂಪರ್‌ವೈಸರ್ (ಸ್ವಿಚ್ ಅನ್ನು ನಡೆಸುವ ಬೋರ್ಡ್) ಹಾಕುವುದು ಮೇಲ್ನೋಟಕ್ಕೆ ಸುಲಭದ ಕೆಲಸ. ಬೋರ್ಡ್ ಒಳಗೆ ತಳ್ಳಿ, ತಿರುಪು ಬಿಗಿದು, ಹಸಿರು ದೀಪ ಕಂಡ ಕೂಡಲೇ ಉಪಕರಣಗಳನ್ನು ಚೀಲಕ್ಕೆ ತುಂಬಿಕೊಳ್ಳುವವರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ಮೊದಲನೆಯದು ಕೈಕೊಟ್ಟ ದಿನ ಎರಡನೆಯದು ಹೊಣೆ ಹೊರುತ್ತದೆಯೇ ಇಲ್ಲವೇ ಎಂಬುದು ತಿರುಪು ಬಿಗಿದ ನಂತರದ ಒಂದೆರಡು ಗಂಟೆಯ ಕೆಲಸವನ್ನು ಅವಲಂಬಿಸಿದೆ. ಆ ಕೆಲಸದ ಬಗ್ಗೆಯೇ ನನ್ನನ್ನು ಹೆಚ್ಚು ಮಂದಿ ಕೇಳುತ್ತಾರೆ. ನನ್ನ ಹೆಚ್ಚಿನ ಅನುಭವ ಸಿಸ್ಕೋ ಸ್ವಿಚ್‌ಗಳದ್ದು, ಹಾಗಾಗಿ ಉದಾಹರಣೆಗಳೂ ಬಹುಪಾಲು ಅಲ್ಲಿಯವೇ. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕು.

ಸೂಪರ್‌ವೈಸರ್ ಮಾಡ್ಯೂಲ್ ಮಾಡುವ ಕೆಲಸವೇನು?

ಚಾಸಿಸ್ ಎಂದರೆ ಸ್ಲಾಟ್‌ಗಳಿರುವ ಲೋಹದ ಪೆಟ್ಟಿಗೆ. ಬಳಕೆದಾರರ ಕೇಬಲ್‌ಗಳು ಬಂದು ಸೇರುವುದು ಲೈನ್ ಕಾರ್ಡ್‌ಗಳಿಗೆ. ಆ ಕಾರ್ಡ್‌ಗಳನ್ನೆಲ್ಲ ನಡೆಸುವ ಮಿದುಳು ಸೂಪರ್‌ವೈಸರ್. ಸ್ವಿಚ್‌ನ ಆಪರೇಟಿಂಗ್ ಸಿಸ್ಟಂ ಓಡುವುದು, ಕಾನ್ಫಿಗರೇಶನ್ ಉಳಿಯುವುದು, ಜಾಲಗಳ ನಡುವಿನ ದಾರಿ ಗುರುತಿಸುವ ಓಎಸ್‌ಪಿಎಫ್ ಮತ್ತು ಬಿಜಿಪಿ, ಪ್ಯಾಕೆಟ್‌ಗಳು ಸುತ್ತುತ್ತಲೇ ಇರದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಮುಂತಾದ ಪ್ರೋಟೊಕಾಲ್‌ಗಳು ಮಾತನಾಡುವುದು ಎಲ್ಲವೂ ಅದರ ಮೇಲೆಯೇ. ಒಂದು ಲೈನ್ ಕಾರ್ಡ್ ಹೋದರೆ ಆ ಕಾರ್ಡ್‌ಗೆ ಸೇರಿದವರಿಗಷ್ಟೇ ತೊಂದರೆ. ಒಂದೇ ಸೂಪರ್‌ವೈಸರ್ ಇದ್ದು ಅದೇ ಹೋದರೆ ಇಡೀ ಚಾಸಿಸ್ ನಿಂತುಹೋಗುತ್ತದೆ. ಅದಕ್ಕಾಗಿ ಎರಡನೆಯದು.

ಕೆಲವು ಸ್ವಿಚ್‌ಗಳಲ್ಲಿ ಅದರ ಹೊಣೆ ಇನ್ನೂ ದೊಡ್ಡದು. ಕ್ಯಾಟಲಿಸ್ಟ್ 4500ರಲ್ಲಿ ಪ್ರತಿ ಪ್ಯಾಕೆಟ್ ಕೂಡ ಸೂಪರ್‌ವೈಸರ್ ಮೂಲಕವೇ ಹಾದುಹೋಗುತ್ತದೆ. ಕ್ಯಾಟಲಿಸ್ಟ್ 6500ರ ಸೂಪರ್‌ವೈಸರ್ 720ರಲ್ಲಿ ಕಾರ್ಡ್‌ಗಳನ್ನು ಬೆಸೆಯುವ ಸ್ವಿಚ್ ಫ್ಯಾಬ್ರಿಕ್ ಅದೇ ಬೋರ್ಡ್‌ನ ಮೇಲಿದೆ. ನೆಕ್ಸಸ್ 7000ದಲ್ಲಿ ಹಾಗಿಲ್ಲ, ಫ್ಯಾಬ್ರಿಕ್‌ಗೆ ಬೇರೆಯೇ ಮಾಡ್ಯೂಲ್‌ಗಳಿವೆ. ನಿಮ್ಮ ಸ್ವಿಚ್ ಯಾವ ಬಗೆಯದು ಎಂದು ಮೊದಲೇ ತಿಳಿದುಕೊಳ್ಳಿ. ಸೂಪರ್‌ವೈಸರ್ ಬದಲಾಗುವ ಕ್ಷಣದಲ್ಲಿ ಪ್ಯಾಕೆಟ್‌ಗಳ ಗತಿ ಏನಾಗುತ್ತದೆ ಎಂಬುದು ಈ ರಚನೆಯನ್ನೇ ನೆಚ್ಚಿಕೊಂಡಿದೆ.

ಎರಡು ಹಾಕಿದರೆ ವೇಗ ಇಮ್ಮಡಿಯಾಗುತ್ತದೆಯೇ?

ಇಲ್ಲ. ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ. ನಿರ್ಧಾರಗಳೆಲ್ಲ ಆಕ್ಟಿವ್‌ನವು. ಸ್ಟ್ಯಾಂಡ್‌ಬೈ ಅದನ್ನು ಗಮನಿಸುತ್ತಾ, ಅದರ ಸ್ಥಿತಿಯ ನಕಲು ಇಟ್ಟುಕೊಂಡು ಕಾಯುತ್ತಿರುತ್ತದೆ.

ಯಾವ ಸ್ಲಾಟ್‌ಗೆ ಹಾಕಬೇಕು?

ಸೂಪರ್‌ವೈಸರ್‌ಗೆ ಮೀಸಲಾದ ಸ್ಲಾಟ್‌ಗೆ ಮಾತ್ರ, ಮತ್ತು ಅದು ಚಾಸಿಸ್‌ನಿಂದ ಚಾಸಿಸ್‌ಗೆ ಬದಲಾಗುತ್ತದೆ. ಕ್ಯಾಟಲಿಸ್ಟ್ 6509ರಲ್ಲಿ ಸೂಪರ್‌ವೈಸರ್ 720ಕ್ಕೆ 5 ಮತ್ತು 6ನೇ ಸ್ಲಾಟ್, 6513ರಲ್ಲಿ 7 ಮತ್ತು 8. ಕ್ಯಾಟಲಿಸ್ಟ್ 9400 ಸರಣಿಯಲ್ಲಿ ನಾಲ್ಕು ಸ್ಲಾಟ್‌ನ ಚಾಸಿಸ್‌ಗೆ 2 ಮತ್ತು 3, ಏಳು ಸ್ಲಾಟ್‌ನದಕ್ಕೆ 3 ಮತ್ತು 4, ಹತ್ತು ಸ್ಲಾಟ್‌ನದಕ್ಕೆ 5 ಮತ್ತು 6. ನೆಕ್ಸಸ್ 7010ರಲ್ಲಿ 5 ಮತ್ತು 6, 7018ರಲ್ಲಿ 9 ಮತ್ತು 10.

ಎಲ್ಲ ಚಾಸಿಸ್‌ಗಳಿಗೂ ಎರಡು ಸೂಪರ್‌ವೈಸರ್‌ಗೆ ಜಾಗವಿರುವುದಿಲ್ಲ. ಕ್ಯಾಟಲಿಸ್ಟ್ 4506ರಲ್ಲಿ ಒಂದೇ ಸ್ಲಾಟ್. ಎರಡು ಬೇಕೆಂದರೆ 4507ಆರ್ ಅಥವಾ 4510ಆರ್ ಇರಬೇಕು. ಹೆಸರಿನ ಕೊನೆಯ ‘ಆರ್’ ಅಕ್ಷರ ಹೇಳುವುದು ಅದನ್ನೇ. ಮಾಡ್ಯೂಲ್ ಖರೀದಿಗೆ ಬೇಡಿಕೆ ಸಲ್ಲಿಸುವ ಮುನ್ನ ಚಾಸಿಸ್‌ನ ಪೂರ್ತಿ ಮಾದರಿ ಸಂಖ್ಯೆಯನ್ನು ಕಣ್ಣಾರೆ ಓದಿ ಬರೆದುಕೊಳ್ಳಿ. ಜೊತೆಗೆ ವಿದ್ಯುತ್ ಲೆಕ್ಕ: ‘ಶೋ ಪವರ್’ ಕೊಟ್ಟು ಹೊಸ ಬೋರ್ಡ್‌ಗೆ ಸಾಕಾಗುವಷ್ಟು ವ್ಯಾಟ್ ಉಳಿದಿದೆಯೇ, ಒಂದು ಪವರ್ ಸಪ್ಲೈ ಹೋದರೂ ಉಳಿದಿರುತ್ತದೆಯೇ ಎಂದು ನೋಡಿ.

ಎರಡೂ ಒಂದೇ ಮಾದರಿಯವಾಗಿರಲೇಬೇಕೇ?

ಹೌದು. ಹೆಸರು ಒಂದೇ ತೆರನಾಗಿದ್ದರೆ ಸಾಲದು. ಮಾದರಿ ಸಂಖ್ಯೆ, ಅದರ ಮೇಲಿನ ಉಪಬೋರ್ಡ್‌ಗಳು, ಮೆಮೊರಿ ಎಲ್ಲವೂ ಹೊಂದಬೇಕು. ಸಾಫ್ಟ್‌ವೇರ್ ಆವೃತ್ತಿ ಒಂದೇ ಇರಬೇಕು, ಪರವಾನಗಿಯ ಮಟ್ಟವೂ ಒಂದೇ ಇರಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಂತಹ ಜೋಡಿಯಾದರೆ ಸ್ವಿಚ್ ಅದನ್ನು ಪೂರ್ತಿ ತಿರಸ್ಕರಿಸದೇ ಇರಬಹುದು, ಆದರೆ ಕೆಳದರ್ಜೆಯ ಹೊಂದಾಣಿಕೆಗೆ ಇಳಿಯುತ್ತದೆ. ಅದು ಇಳಿದಿದೆ ಎಂಬುದು ಕಣ್ಣಿಗೆ ಹೊಡೆಯುವಂತೆ ಎಲ್ಲೂ ಕಾಣಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಅಪಾಯಕಾರಿ ಭಾಗ ಇದು.

ಸಾಫ್ಟ್‌ವೇರ್ ಫೈಲ್ ತಾನಾಗಿಯೇ ಹೊಸದಕ್ಕೆ ನಕಲಾಗುತ್ತದೆಯೇ?

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕ್ಯಾಟಲಿಸ್ಟ್ 4500, 6500ರಂತಹ ಸ್ವಿಚ್‌ಗಳಲ್ಲಿ ಸ್ಟಾರ್ಟಪ್ ಕಾನ್ಫಿಗರೇಶನ್, ಕಾನ್ಫಿಗರೇಶನ್ ರಿಜಿಸ್ಟರ್, ಬೂಟ್ ವೇರಿಯಬಲ್ ತಾವಾಗಿಯೇ ಆಕ್ಟಿವ್‌ನಿಂದ ಸ್ಟ್ಯಾಂಡ್‌ಬೈಗೆ ದಾಟುತ್ತವೆ. ಸಾಫ್ಟ್‌ವೇರ್ ಇಮೇಜ್ ಫೈಲ್ ದಾಟುವುದಿಲ್ಲ. ಇದರ ಪರಿಣಾಮ ಹೀಗೆ: ‘ಇಂಥ ಹೆಸರಿನ ಫೈಲ್‌ನಿಂದ ಬೂಟ್ ಆಗು’ ಎಂಬ ಸೂಚನೆ ಸ್ಟ್ಯಾಂಡ್‌ಬೈಗೆ ತಲುಪಿರುತ್ತದೆ, ಆ ಫೈಲ್ ಮಾತ್ರ ಅದರ ಫ್ಲ್ಯಾಶ್‌ನಲ್ಲಿ ಇರುವುದಿಲ್ಲ. ಇವತ್ತು ಓಡುತ್ತಿರುವ ಸ್ಟ್ಯಾಂಡ್‌ಬೈ ಮುಂದೊಂದು ದಿನ ರೀಲೋಡ್ ಆದಾಗ ರೋಮ್‌ಮಾನ್ ಪ್ರಾಂಪ್ಟ್‌ಗೆ (ಆಪರೇಟಿಂಗ್ ಸಿಸ್ಟಂ ಏಳುವ ಮೊದಲಿನ ಬೂಟ್ ಹಂತಕ್ಕೆ) ಬಂದು ಕುಳಿತುಬಿಡುತ್ತದೆ.

ಹಾಗಾಗಿ ಫೈಲ್ ಅನ್ನು ನೀವೇ ದಾಟಿಸಿ. ಸ್ಟ್ಯಾಂಡ್‌ಬೈನ ಫ್ಲ್ಯಾಶ್‌ಗೆ 4500ರಲ್ಲಿ ‘ಸ್ಲೇವ್‌ಬೂಟ್‌ಫ್ಲ್ಯಾಶ್’ ಎಂದೂ ಕ್ಯಾಟಲಿಸ್ಟ್ 9400ರಲ್ಲಿ ‘ಎಸ್‌ಟಿಬಿವೈ-ಬೂಟ್‌ಫ್ಲ್ಯಾಶ್’ ಎಂದೂ ಹೆಸರು. ನಕಲು ಮಾಡಿದ ಮೇಲೆ ಗಾತ್ರ ನೋಡಿ ಸುಮ್ಮನಾಗಬೇಡಿ, ‘ವೆರಿಫೈ’ ಆದೇಶದಿಂದ ಎಂಡಿ5 ಮೊತ್ತವನ್ನು (ಫೈಲ್‌ನ ಒಳಗಿನಿಂದ ಲೆಕ್ಕ ಹಾಕಿದ ಗುರುತನ್ನು) ಎರಡೂ ಕಡೆ ತಾಳೆ ನೋಡಿ. ಕ್ಯಾಟಲಿಸ್ಟ್ 9000 ಕುಟುಂಬದಲ್ಲಿ ಇನ್‌ಸ್ಟಾಲ್ ಮೋಡ್ ಬಳಸುತ್ತಿದ್ದರೆ, ಆಕ್ಟಿವ್‌ನಲ್ಲಿರುವ ಆವೃತ್ತಿಯನ್ನೇ ಹೊಸ ಬೋರ್ಡ್‌ಗೆ ದಾಟಿಸುವ ‘ಇನ್‌ಸ್ಟಾಲ್ ಆಟೋಅಪ್‌ಗ್ರೇಡ್’ ಆದೇಶವಿದೆ. ಆದರೂ ಕೊನೆಗೆ ಕಣ್ಣಿಟ್ಟು ನೋಡುವುದು ನಿಮ್ಮ ಕೆಲಸ.

ಹೊಸದನ್ನು ಹಾಕಲು ಸ್ವಿಚ್ ಆಫ್ ಮಾಡಬೇಕೇ?

ಬೇಡ, ಮಾಡಲೇಬೇಡಿ. ಓಡುತ್ತಿರುವ ಚಾಸಿಸ್‌ಗೆ ಮಾಡ್ಯೂಲ್ ಹಾಕುವುದಕ್ಕಾಗಿಯೇ ಇವನ್ನು ವಿನ್ಯಾಸ ಮಾಡಿದ್ದಾರೆ. ಸ್ವಿಚ್ ಓಡುತ್ತಿರುವಾಗಲೇ ಹಾಕುವುದು ಸೇವೆ ನಿಲ್ಲಬಾರದೆಂದು ಮಾತ್ರವಲ್ಲ, ಸುರಕ್ಷತೆಯ ದೃಷ್ಟಿಯಿಂದಲೂ ಮೇಲು.

ಕಾರಣ ಹೇಳುತ್ತೇನೆ. ಆಗಲೇ ಆಕ್ಟಿವ್ ಸೂಪರ್‌ವೈಸರ್ ಇರುವ ಚಾಸಿಸ್‌ಗೆ ಬಂದ ಹೊಸ ಬೋರ್ಡ್ ಸ್ಟ್ಯಾಂಡ್‌ಬೈ ಆಗುತ್ತದೆ. ಅದರೊಳಗೆ ಯಾವ ಹಳೆಯ ಕಾನ್ಫಿಗರೇಶನ್ ಇದ್ದರೂ ಆಕ್ಟಿವ್‌ನ ನಕಲು ಅದರ ಮೇಲೆ ಬಂದು ಕೂರುತ್ತದೆ. ಆದರೆ ಚಾಸಿಸ್ ಆಫ್ ಇರುವಾಗ ಎರಡನ್ನೂ ಹಾಕಿ ಒಟ್ಟಿಗೆ ವಿದ್ಯುತ್ ಕೊಟ್ಟರೆ, ಯಾವುದು ಆಕ್ಟಿವ್ ಆಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ಒಂದು ರಾತ್ರಿ ವಿದ್ಯುತ್ ನಿರ್ವಹಣೆಗೆಂದು ಇಡೀ ರ‍್ಯಾಕ್ ಆಫ್ ಮಾಡಿದ್ದರು. ‘ಹೇಗೂ ಆಫ್ ಇದೆಯಲ್ಲ, ಈಗಲೇ ಹಾಕಿಬಿಡೋಣ’ ಎಂದು ಕಪಾಟಿನಲ್ಲಿದ್ದ ಬಿಡಿ ಸೂಪರ್‌ವೈಸರ್ ಒಂದನ್ನು ನಾವು ಸೇರಿಸಿದೆವು. ಅದು ಹಿಂದೆ ಬೇರೊಂದು ಚಾಸಿಸ್‌ನಲ್ಲಿದ್ದ ಬೋರ್ಡ್. ವಿದ್ಯುತ್ ಬಂದಾಗ ಅದೇ ಮೊದಲು ಎದ್ದು ಆಕ್ಟಿವ್ ಆಯಿತು. ಕನ್ಸೋಲ್‌ನಲ್ಲಿ ಪರಿಚಯವಿಲ್ಲದ ಹೋಸ್ಟ್‌ನೇಮ್ ಕಂಡಾಗ ಎದೆ ಧಸಕ್ಕೆಂದಿತು. ನಾವು ಏನಾಯಿತೆಂದು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅದು ತನ್ನ ಹಳೆಯ ಕಾನ್ಫಿಗರೇಶನ್ ಅನ್ನು ನಮ್ಮ ಮೂಲ ಬೋರ್ಡ್‌ನ ಮೇಲೂ ಬರೆದುಬಿಟ್ಟಿತ್ತು. ಮೂರು ದಿನ ಹಿಂದಿನ ಬ್ಯಾಕಪ್ ಸರ್ವರ್‌ನಲ್ಲಿ ಸಿಕ್ಕಿದ್ದರಿಂದ ಬೆಳಗಾಗುವಷ್ಟರಲ್ಲಿ ಮರಳಿ ಕಟ್ಟಿದೆವು. ಆ ಮೂರು ದಿನಗಳಲ್ಲಿ ಆಗಿದ್ದ ಬದಲಾವಣೆಗಳನ್ನು ನೆನಪಿನಿಂದ ಒಂದೊಂದಾಗಿ ಹೆಕ್ಕಬೇಕಾಯಿತು.

ಅಂತಹ ಬೋರ್ಡ್‌ನಲ್ಲಿ ಹಳೆಯ ವಿಎಲ್‌ಎಎನ್ (ಸ್ವಿಚ್‌ನೊಳಗೆ ಬೇರ್ಪಡಿಸಿದ ಉಪಜಾಲ) ದತ್ತಾಂಶವೂ ಇದ್ದು, ಆ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹರಡುವ ವಿಟಿಪಿಯ ಡೊಮೇನ್ ಹೆಸರು ಒಂದೇ ಆಗಿ ಪರಿಷ್ಕರಣೆ ಸಂಖ್ಯೆ ಹೆಚ್ಚಿದ್ದರೆ, ಹಾನಿ ಒಂದು ಚಾಸಿಸ್‌ಗೆ ನಿಲ್ಲದೆ ಪಕ್ಕದ ಸ್ವಿಚ್‌ಗಳ ವಿಎಲ್‌ಎಎನ್‌ಗಳಿಗೂ ಹಬ್ಬಬಹುದು. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮುನ್ನ ಆಕ್ಟಿವ್‌ನ ಕಾನ್ಫಿಗರೇಶನ್ ಉಳಿಸಿ, ಅದರ ಪ್ರತಿಯೊಂದನ್ನು ಚಾಸಿಸ್‌ನ ಹೊರಗೆ ಇಡಿ. ಆಮೇಲೆ ಉಳಿದದ್ದು.

ಬೋರ್ಡ್ ಅನ್ನು ಒಳಗೆ ಕೂರಿಸುವ ಸರಿಯಾದ ಕ್ರಮ ಯಾವುದು?

ಮೊದಲು ಮಣಿಕಟ್ಟಿಗೆ ಸ್ಥಿರವಿದ್ಯುತ್ ಪಟ್ಟಿ; ಅದರ ಇನ್ನೊಂದು ತುದಿ ಚಾಸಿಸ್‌ನ ಬಣ್ಣವಿಲ್ಲದ ಲೋಹಕ್ಕೆ. ಬಣ್ಣ ಬಳಿದ ಭಾಗಕ್ಕೆ ಸಿಕ್ಕಿಸಿದರೆ ಪಟ್ಟಿ ಕಟ್ಟಿಯೂ ಕಟ್ಟದಂತೆಯೇ. ಬೋರ್ಡ್ ಅನ್ನು ಮುಂಭಾಗದ ಫಲಕ ಮತ್ತು ಕೆಳಗಿನ ಲೋಹದ ತಟ್ಟೆ ಹಿಡಿದು ಎತ್ತಿ. ಚಿಪ್‌ಗಳನ್ನಾಗಲಿ ಹಿಂಭಾಗದ ಕನೆಕ್ಟರ್ ಪಿನ್‌ಗಳನ್ನಾಗಲಿ ಮುಟ್ಟಬೇಡಿ. ಸ್ಲಾಟ್‌ನ ಮುಚ್ಚಳ ತೆಗೆದ ಮೇಲೆ ಒಂದು ಟಾರ್ಚ್ ಹಿಡಿದು ಒಳಗೆ ನೋಡಿ. ಬ್ಯಾಕ್‌ಪ್ಲೇನ್‌ನಲ್ಲಿ (ಎಲ್ಲ ಬೋರ್ಡ್‌ಗಳೂ ಬಂದು ಸೇರುವ ಚಾಸಿಸ್‌ನ ಹಿಂಭಾಗದ ಫಲಕದಲ್ಲಿ) ಒಂದು ಪಿನ್ ಬಾಗಿದ್ದರೂ ಅಲ್ಲಿಗೇ ನಿಲ್ಲಿಸಿ. ಬಾಗಿದ ಪಿನ್ ಮೇಲೆ ಬೋರ್ಡ್ ಒತ್ತಿದರೆ ಬೋರ್ಡ್ ಮಾತ್ರವಲ್ಲ, ಚಾಸಿಸ್ಸೇ ಕೆಡುತ್ತದೆ.

ಎರಡೂ ಬದಿಯ ಎಜೆಕ್ಟರ್ ಸನ್ನೆಗಳನ್ನು (ಮಡಚುವ ಹಿಡಿಕೆಗಳನ್ನು) ಪೂರ್ತಿ ಹೊರಕ್ಕೆ ತೆರೆದು, ಬೋರ್ಡ್‌ನ ಅಂಚು ಎಡಬಲದ ಹಳಿಗಳಲ್ಲಿ ಸಮನಾಗಿ ಕೂತಿದೆಯೇ ಎಂದು ಬೆರಳಿನಿಂದ ಖಚಿತಪಡಿಸಿಕೊಳ್ಳಿ. ನಂತರ ನಿಧಾನವಾಗಿ, ನೇರವಾಗಿ ಒಳಕ್ಕೆ ಸರಿಸಿ. ಸನ್ನೆಗಳು ಚಾಸಿಸ್‌ನ ಅಂಚಿಗೆ ತಾಗಿದಾಗ ಸಣ್ಣ ತಡೆ ಸಿಗುತ್ತದೆ. ಅಲ್ಲಿಂದ ಮುಂದೆ ಅಂಗೈಯಿಂದ ಫಲಕವನ್ನು ತಳ್ಳಬೇಡಿ. ಎರಡು ಹೆಬ್ಬೆರಳುಗಳಿಂದ ಎರಡೂ ಸನ್ನೆಗಳನ್ನು ಒಟ್ಟಿಗೆ, ಒಂದೇ ಚಲನೆಯಲ್ಲಿ ಒಳಕ್ಕೆ ಮಡಚಿ. ಕನೆಕ್ಟರ್ ಕೂರುವುದು ಕೈಗೆ ಗೊತ್ತಾಗುತ್ತದೆ. ಮೆತ್ತಗಿನ, ತುಂಬಿದ ಹಿಡಿತ. ಗಡುಸಾಗಿ, ಕಿರ್ರೆಂದು ಬಂದರೆ ತಪ್ಪಾಗಿದೆ ಎಂದರ್ಥ. ಹೊರತೆಗೆದು ಮತ್ತೆ ನೋಡಿ. ಪಕ್ಕದ ಮಾಡ್ಯೂಲ್‌ನ ಲೋಹದ ಗ್ಯಾಸ್ಕೆಟ್ ಅಡ್ಡ ಬರುವುದೂ ಉಂಟು; ಅದು ಮಡಚಿಕೊಳ್ಳದಂತೆ ಬೋರ್ಡ್ ಅನ್ನು ತುಸು ಒತ್ತಿ ಹಿಡಿದು ಜಾಗ ಮಾಡಿಕೊಳ್ಳಬೇಕಾಗುತ್ತದೆ.

ಈ ಕೊನೆಯ ಅರ್ಧ ಅಂಗುಲದಲ್ಲಿ ಅರ್ಧಕ್ಕೆ ನಿಲ್ಲುವುದು ಕೆಟ್ಟದ್ದು. ಕ್ಯಾಟಲಿಸ್ಟ್ 6500ರಲ್ಲಿ ಮಾಡ್ಯೂಲ್ ಒಂದು ಬ್ಯಾಕ್‌ಪ್ಲೇನ್ ತಾಗುವ ಹೊತ್ತಿನಲ್ಲಿ ಸಂಕೇತಗಳು ಕೆಡಬಾರದೆಂದು ಹಂಚಿಕೆಯ ಬಸ್ ಕ್ಷಣಕಾಲ ತಡೆಹಿಡಿಯಲ್ಪಡುತ್ತದೆ. ಬೋರ್ಡ್ ಅನ್ನು ಅರ್ಧ ತಾಗಿಸಿ ಫೋನ್ ತೆಗೆದುಕೊಂಡರೆ ಆ ತಡೆಯೂ ಉದ್ದವಾಗುತ್ತದೆ, ಬೇರೆ ಕಾರ್ಡ್‌ಗಳ ಸಂಚಾರಕ್ಕೂ ಪೆಟ್ಟು ಬೀಳುತ್ತದೆ.

ಸನ್ನೆಗಳು ಪೂರ್ತಿ ಮುಚ್ಚಿದ ಮೇಲೆಯೇ ತಿರುಪು. ತಿರುಪಿನ ಬಲದಿಂದ ಬೋರ್ಡ್ ಅನ್ನು ಒಳಕ್ಕೆ ಎಳೆಯಲು ಹೋಗಬೇಡಿ. ಖಾಲಿ ಉಳಿದ ಸ್ಲಾಟ್‌ಗಳಿಗೆ ಮುಚ್ಚಳ ಹಾಕದೆ ಬಿಡಬೇಡಿ. ಚಾಸಿಸ್‌ನ ಗಾಳಿಯ ಹರಿವು ಆ ಮುಚ್ಚಳಗಳನ್ನು ನಂಬಿಕೊಂಡಿದೆ.

ದೀಪಗಳನ್ನು ಹೇಗೆ ಓದುವುದು?

ಕ್ಯಾಟಲಿಸ್ಟ್ 6500ರ ಸೂಪರ್‌ವೈಸರ್‌ನಲ್ಲಿ ‘ಸ್ಟೇಟಸ್’ ದೀಪ ಕಿತ್ತಳೆ ಇದ್ದರೆ ಬೂಟ್ ಅಥವಾ ಸ್ವಯಂಪರೀಕ್ಷೆ ನಡೆಯುತ್ತಿದೆ, ಹಸಿರಾದರೆ ಪಾಸಾಗಿದೆ, ಕೆಂಪಾದರೆ ವಿಫಲ. ‘ಆಕ್ಟಿವ್’ ದೀಪ ಆಕ್ಟಿವ್ ಬೋರ್ಡ್‌ನಲ್ಲಿ ಹಸಿರು, ಸ್ಟ್ಯಾಂಡ್‌ಬೈನಲ್ಲಿ ಕಿತ್ತಳೆ. ಹೊಸ ಬೋರ್ಡ್‌ನ ಆ ಕಿತ್ತಳೆ ದೀಪ ನೋಡಿ ಗಾಬರಿಪಟ್ಟು ಬೋರ್ಡ್ ಕೀಳಬೇಡಿ, ಅದು ಇರಬೇಕಾದ ಬಣ್ಣವೇ. ಬೂಟ್ ಆಗಲು ಹಲವು ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೆ ಬೇರೆ ಮಾಡ್ಯೂಲ್‌ಗಳಿಗೆ ಕೈ ಹಾಕಬೇಡಿ.

ದೀಪಗಳು ಹೇಳುವುದು ಬೋರ್ಡ್ ಆರೋಗ್ಯವಾಗಿದೆ ಎಂದಷ್ಟೇ. ಹೊಣೆ ಹೊರಲು ಸಿದ್ಧವಾಗಿದೆ ಎಂದು ಅವು ಹೇಳುವುದಿಲ್ಲ.

ಆರ್‌ಪಿಆರ್, ಆರ್‌ಪಿಆರ್ ಪ್ಲಸ್, ಎಸ್‌ಎಸ್‌ಒ: ಇವುಗಳ ವ್ಯತ್ಯಾಸವೇನು?

ಸ್ಟ್ಯಾಂಡ್‌ಬೈ ಎಷ್ಟರಮಟ್ಟಿಗೆ ಎಚ್ಚರವಾಗಿದೆ ಎಂಬುದರ ಮೂರು ಹಂತಗಳಿವು.

ಆರ್‌ಪಿಆರ್‌ನಲ್ಲಿ ಸ್ಟ್ಯಾಂಡ್‌ಬೈ ಅರ್ಧ ಮಾತ್ರ ಬೂಟ್ ಆಗಿರುತ್ತದೆ. ಆಕ್ಟಿವ್ ಬಿದ್ದ ಮೇಲೆ ಅದು ಪೂರ್ತಿ ಏಳಬೇಕು, ಲೈನ್ ಕಾರ್ಡ್‌ಗಳೂ ಮರುಚಾಲನೆಯಾಗಬೇಕು. ಕ್ಯಾಟಲಿಸ್ಟ್ 6500ರಲ್ಲಿ ಇದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಆರ್‌ಪಿಆರ್ ಪ್ಲಸ್‌ನಲ್ಲಿ ಸ್ಟ್ಯಾಂಡ್‌ಬೈ ಪೂರ್ತಿ ಬೂಟ್ ಆಗಿರುತ್ತದೆ, ಕಾರ್ಡ್‌ಗಳು ಮರುಚಾಲನೆಯಾಗುವುದಿಲ್ಲ, ಆದರೆ ಪ್ರೋಟೊಕಾಲ್‌ಗಳ ಸ್ಥಿತಿ ಅದಕ್ಕೆ ಗೊತ್ತಿರುವುದಿಲ್ಲ. ಇದಕ್ಕೆ 30 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು. ಎಸ್‌ಎಸ್‌ಒದಲ್ಲಿ ಪೋರ್ಟ್‌ಗಳ ಸ್ಥಿತಿ, ಸ್ಪ್ಯಾನಿಂಗ್ ಟ್ರೀ, ಫಾರ್ವರ್ಡಿಂಗ್ ಕೋಷ್ಟಕಗಳು ಕ್ಷಣಕ್ಷಣಕ್ಕೂ ಸ್ಟ್ಯಾಂಡ್‌ಬೈಗೆ ತಲುಪುತ್ತಿರುತ್ತವೆ. 6500ರಲ್ಲಿ ಸ್ವಿಚ್‌ಓವರ್‌ಗೆ, ಅಂದರೆ ಹೊಣೆ ಸ್ಟ್ಯಾಂಡ್‌ಬೈಗೆ ದಾಟಲು, 0ಯಿಂದ 3 ಸೆಕೆಂಡ್.

ಎರಡನೆಯ ಸೂಪರ್‌ವೈಸರ್‌ಗೆ ಇಷ್ಟು ಹಣ ಹಾಕಿದ ಮೇಲೆ ಎಸ್‌ಎಸ್‌ಒ ಬಿಟ್ಟು ಕೆಳಗಿನದಕ್ಕೆ ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ನಿಲುವು. ‘ರಿಡಂಡನ್ಸಿ’ ಕಾನ್ಫಿಗರೇಶನ್ ಒಳಗೆ ‘ಮೋಡ್ ಎಸ್‌ಎಸ್‌ಒ’ ಎಂದು ಕೊಟ್ಟರೆ ಸಾಕು.

ನಿಜವಾಗಿ ಎಸ್‌ಎಸ್‌ಒದಲ್ಲಿದೆ ಎಂದು ಹೇಗೆ ತಿಳಿಯುವುದು?

‘ಶೋ ರಿಡಂಡನ್ಸಿ ಸ್ಟೇಟ್ಸ್’ ಕೊಡಿ. ಮೊದಲ ಸಾಲಿನಲ್ಲಿ ‘ಮೈ ಸ್ಟೇಟ್’ 13, ಆಕ್ಟಿವ್ ಎಂದಿರುತ್ತದೆ. ಅದರ ಕೆಳಗಿನ ‘ಪಿಯರ್ ಸ್ಟೇಟ್’ ಸಾಲಿನಲ್ಲಿ ನಿಮಗೆ ಬೇಕಿರುವುದು 8, ಸ್ಟ್ಯಾಂಡ್‌ಬೈ ಹಾಟ್. ಅಲ್ಲಿ 4, ಸ್ಟ್ಯಾಂಡ್‌ಬೈ ಕೋಲ್ಡ್ ಎಂದಿದ್ದರೆ ಆರ್‌ಪಿಆರ್‌ಗೆ ಇಳಿದಿದೆ. 1, ಡಿಸೇಬಲ್ಡ್ ಎಂದಿದ್ದರೆ ಜೊತೆಗಾರನೇ ಇಲ್ಲ. ‘ಮೋಡ್’ ಸಾಲಿನಲ್ಲಿ ಡ್ಯುಪ್ಲೆಕ್ಸ್ ಎಂದಿರಬೇಕು. ಸಿಂಪ್ಲೆಕ್ಸ್ ಎಂದರೆ ಸ್ವಿಚ್ ತಾನೊಬ್ಬನೇ ಇದ್ದೇನೆ ಎಂದುಕೊಂಡಿದೆ.

ಕಾನ್ಫಿಗರ್ ಮಾಡಿದ ಮೋಡ್ ಬೇರೆ, ಕಾರ್ಯಾಚರಣೆಯಲ್ಲಿರುವ ಮೋಡ್ ಬೇರೆ. ಅದೇ ಆದೇಶದಲ್ಲಿ ಎರಡೂ ಪ್ರತ್ಯೇಕವಾಗಿ ಕಾಣುತ್ತವೆ. ಕಾನ್ಫಿಗರೇಶನ್ ಫೈಲ್‌ನಲ್ಲಿ ಎಸ್‌ಎಸ್‌ಒ ಎಂದು ಬರೆದಿದೆಯಲ್ಲ ಎಂದು ನೆಮ್ಮದಿಯಿಂದಿದ್ದ ಒಂದು ಜಾಲದಲ್ಲಿ ಸ್ಟ್ಯಾಂಡ್‌ಬೈ ತಿಂಗಳುಗಟ್ಟಲೆ ಕೋಲ್ಡ್ ಆಗಿಯೇ ನಿಂತಿದ್ದುದನ್ನು ನಾನು ನೋಡಿದ್ದೇನೆ. ಈ ಒಂದು ಸಾಲನ್ನು ನಿಮ್ಮ ನಿಗಾ ವ್ಯವಸ್ಥೆಗೆ ಸೇರಿಸಿ. ಹಾಟ್ ಅಲ್ಲದ ಯಾವ ಸ್ಥಿತಿಗೂ ಎಚ್ಚರಿಕೆ ಬರಬೇಕು.

ಸ್ಟ್ಯಾಂಡ್‌ಬೈ ಕೋಲ್ಡ್‌ನಲ್ಲೇ ನಿಂತುಬಿಟ್ಟಿದೆ, ಏಕೆ?

ಬಹುತೇಕ ಸಲ ಆವೃತ್ತಿ ವ್ಯತ್ಯಾಸ. ‘ಶೋ ಮಾಡ್ಯೂಲ್’ನಲ್ಲಿ ಎರಡರ ಆವೃತ್ತಿಯನ್ನೂ ಅಕ್ಷರ ಅಕ್ಷರ ಹೋಲಿಸಿ. ಅದು ಸರಿಯಿದ್ದರೆ ಮಾದರಿ ಮತ್ತು ಮೆಮೊರಿ ನೋಡಿ.

ಎರಡೂ ಹೊಂದಿದ್ದರೂ ನಿಂತಿದ್ದರೆ, ಆಕ್ಟಿವ್ ಒಪ್ಪಿಕೊಂಡ ಯಾವುದೋ ಆದೇಶವನ್ನು ಸ್ಟ್ಯಾಂಡ್‌ಬೈ ಒಪ್ಪಿಲ್ಲ ಎಂಬ ಸಾಧ್ಯತೆ ಇದೆ. ಕಾನ್ಫಿಗರೇಶನ್ ಸಾಲುಗಳನ್ನು ಸ್ಟ್ಯಾಂಡ್‌ಬೈನಲ್ಲಿ ಒಂದೊಂದಾಗಿ ನಡೆಸುವಾಗ ಒಂದು ವಿಫಲವಾದರೂ ಎಸ್‌ಎಸ್‌ಒ ಏಳುವುದಿಲ್ಲ. ‘ಶೋ ರಿಡಂಡನ್ಸಿ ಕಾನ್ಫಿಗ್-ಸಿಂಕ್ ಫೇಲ್ಯೂರ್ಸ್ ಎಂಸಿಎಲ್’ ಕೊಟ್ಟರೆ ತಕರಾರಿನ ಸಾಲು ಸಿಗುತ್ತದೆ. ಆ ಸಾಲಿಲ್ಲದೆ ನಡೆಯುತ್ತದೆಯಾದರೆ ಆಕ್ಟಿವ್‌ನಿಂದ ಅದನ್ನು ತೆಗೆದು, ಸ್ಟ್ಯಾಂಡ್‌ಬೈ ಒಂದನ್ನೇ ರೀಲೋಡ್ ಮಾಡಿ. ಹೊಂದದ ಆದೇಶಗಳನ್ನು ಕಡೆಗಣಿಸು ಎನ್ನುವ ಆದೇಶವೂ ಇದೆ. ಅದನ್ನು ಬಳಸಲು ನಾನು ಸಲಹೆ ನೀಡುವುದಿಲ್ಲ. ಸ್ವಿಚ್‌ಓವರ್ ಆದ ಮೇಲೆ ಆ ಸಾಲು ಇರುವುದಿಲ್ಲ, ಅದು ಏನಿತ್ತೆಂದು ಹುಡುಕುವ ಹೊತ್ತು ಅದಲ್ಲ.

ಎಸ್‌ಎಸ್‌ಒ ಇದ್ದ ಮೇಲೆ ಎನ್‌ಎಸ್‌ಎಫ್ ಏಕೆ ಬೇಕು?

ಎಸ್‌ಎಸ್‌ಒ ಉಳಿಸುವುದು ಪೋರ್ಟ್ ಮತ್ತು ಎರಡನೇ ಪದರದ ಸ್ಥಿತಿಯನ್ನು. ರೂಟಿಂಗ್ ಪ್ರೋಟೊಕಾಲ್‌ಗಳ ನೆರೆಹೊರೆ ಸಂಬಂಧ ಅದರಲ್ಲಿ ಉಳಿಯುವುದಿಲ್ಲ. ಹೊಸ ಆಕ್ಟಿವ್ ಎದ್ದು ತನ್ನ ಮೊದಲ ಓಎಸ್‌ಪಿಎಫ್ ಹಲೋ ಕಳಿಸಿದಾಗ ಅದರ ನೆರೆಯವರ ಪಟ್ಟಿ ಖಾಲಿ. ಅದನ್ನು ಕಂಡ ಪಕ್ಕದ ರೌಟರ್ ‘ಇವನು ನನ್ನನ್ನು ಮರೆತ’ ಎಂದು ಸಂಬಂಧ ಕಡಿದು, ದಾರಿಗಳನ್ನೆಲ್ಲ ಅಳಿಸುತ್ತದೆ. ಎನ್‌ಎಸ್‌ಎಫ್, ಅಂದರೆ ಗ್ರೇಸ್‌ಫುಲ್ ರೀಸ್ಟಾರ್ಟ್, ಇದನ್ನು ತಡೆಯುತ್ತದೆ: ‘ನಾನು ಮತ್ತೆ ಏಳುತ್ತಿದ್ದೇನೆ, ಅಲ್ಲಿಯವರೆಗೆ ದಾರಿಗಳನ್ನು ಹಾಗೆಯೇ ಇಟ್ಟುಕೊಂಡಿರು’ ಎಂಬ ಒಪ್ಪಂದ ಅದು. ಅಂತರಜಾಲದ ಮಾನದಂಡ ದಾಖಲೆಗಳಲ್ಲಿ ನೋಡಿದರೆ, ಓಎಸ್‌ಪಿಎಫ್‌ಗೆ ಇದನ್ನು 2003ರ ಆರ್‌ಎಫ್‌ಸಿ 3623ರಲ್ಲಿ, ಬಿಜಿಪಿಗೆ 2007ರ ಆರ್‌ಎಫ್‌ಸಿ 4724ರಲ್ಲಿ ವಿವರಿಸಲಾಗಿದೆ.

ಒಪ್ಪಂದ ಎಂದ ಮೇಲೆ ಎದುರಿನವರೂ ಒಪ್ಪಬೇಕು. ನೆರೆಯ ರೌಟರ್‌ಗೆ ಇದು ಅರ್ಥವಾಗದಿದ್ದರೆ ನೀವು ಮಾಡಿದ್ದೆಲ್ಲ ವ್ಯರ್ಥ. ಬಿಜಿಪಿಯಲ್ಲಿ ಈ ಸಾಮರ್ಥ್ಯವನ್ನು ಸೆಷನ್ ಆರಂಭದಲ್ಲಿ ಮಾತ್ರ ವಿನಿಮಯ ಮಾಡಿಕೊಳ್ಳುತ್ತಾರೆ. ಓಡುತ್ತಿರುವ ಸೆಷನ್‌ಗೆ ಆದೇಶ ಸೇರಿಸಿದರೆ ಸಾಲದು, ಅದನ್ನು ಒಮ್ಮೆ ಕೆಡವಿ ಎಬ್ಬಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಜಾಲ ಚುರುಕಾಗಿರಲಿ ಎಂದು ಹಲೋ ಸಮಯವನ್ನು (ನೆರೆಯವರಿಗೆ ‘ನಾನಿದ್ದೇನೆ’ ಎಂದು ತಿಳಿಸುವ ಅಂತರವನ್ನು) ಸೆಕೆಂಡಿಗಿಂತ ಕೆಳಕ್ಕೆ ಇಳಿಸಿರುವವರಿದ್ದಾರೆ. ಎರಡು ಸೂಪರ್‌ವೈಸರ್ ಇರುವ ಚಾಸಿಸ್‌ಗೆ ಇದು ಹೊಂದುವುದಿಲ್ಲ. ಸ್ವಿಚ್‌ಓವರ್‌ಗೆ ಎರಡು ಸೆಕೆಂಡ್ ಬೇಕು, ನೆರೆಯವನ ತಾಳ್ಮೆ ಒಂದೇ ಸೆಕೆಂಡ್ ಎಂದರೆ ಗ್ರೇಸ್‌ಫುಲ್ ರೀಸ್ಟಾರ್ಟ್ ಶುರುವಾಗುವ ಮೊದಲೇ ಸಂಬಂಧ ಮುರಿದಿರುತ್ತದೆ. ನೆರೆಯವರು ಇದ್ದಾರೆಯೇ ಎಂದು ಬಹು ಬೇಗ ಪತ್ತೆ ಮಾಡುವ ಬಿಎಫ್‌ಡಿ ಸೂಪರ್‌ವೈಸರ್‌ನ ಪ್ರೊಸೆಸರ್ ಮೇಲೆಯೇ ಓಡುತ್ತಿದ್ದರೆ ಅದಕ್ಕೂ ಇದೇ ಮಾತು. ಇಂತಹ ಕಡೆ ಓಎಸ್‌ಪಿಎಫ್‌ನ ಮೂಲ ಹಲೋ 10 ಸೆಕೆಂಡ್, ಡೆಡ್ (ನೆರೆಯವನು ಕಾಯುವ ಅವಧಿ) 40 ಸೆಕೆಂಡ್ ಹಾಗೆಯೇ ಇರಲಿ.

ಸ್ಟ್ಯಾಂಡ್‌ಬೈ ಮೇಲಿನ ಅಪ್‌ಲಿಂಕ್ ಪೋರ್ಟ್‌ಗಳು ಕೆಲಸ ಮಾಡುತ್ತವೆಯೇ?

ಮಾಡುತ್ತವೆ. ಅಪ್‌ಲಿಂಕ್ ಎಂದರೆ ಜಾಲದ ಮುಂದಿನ ಸ್ವಿಚ್‌ಗೆ ಹೋಗುವ ಸಂಪರ್ಕ. ಸೂಪರ್‌ವೈಸರ್ 720ರಲ್ಲಿ ಸ್ಟ್ಯಾಂಡ್‌ಬೈನ ಪೋರ್ಟ್‌ಗಳೂ ಸಂಚಾರ ಸಾಗಿಸುತ್ತವೆ. ಆದರೆ ಕ್ಯಾಟಲಿಸ್ಟ್ 9400ರಂತಹವುಗಳಲ್ಲಿ ಎರಡನೆಯ ಬೋರ್ಡ್ ಬಂದ ಕೂಡಲೇ ಅಪ್‌ಲಿಂಕ್ ಸಾಮರ್ಥ್ಯ ಎರಡರ ನಡುವೆ ಹಂಚಿಹೋಗುತ್ತದೆ. ಮೊದಲ ಬೋರ್ಡ್‌ನ ಕೆಲವು ಪೋರ್ಟ್‌ಗಳು ಬಳಕೆಗೆ ಸಿಗುವುದಿಲ್ಲ. ಆ ಪೋರ್ಟ್‌ಗಳಲ್ಲಿ ಈಗ ಕೇಬಲ್ ಇದ್ದರೆ ಮೊದಲೇ ಬೇರೆಡೆಗೆ ಸ್ಥಳಾಂತರಿಸಿ. ಎರಡು ಕೇಬಲ್‌ಗಳನ್ನು ಒಂದೇ ಸಂಪರ್ಕವಾಗಿ ಬೆಸೆದ ಪೋರ್ಟ್ ಚಾನೆಲ್ ಇದ್ದರೆ ಒಂದೊಂದು ಸೂಪರ್‌ವೈಸರ್‌ಗೆ ಒಂದೊಂದು ಕೇಬಲ್ ಬರುವಂತೆ ಹಂಚಿ. ಬೋರ್ಡ್ ಹೊರಬಂದರೆ ಅದರ ಪೋರ್ಟ್‌ಗಳೂ ಜೊತೆಗೇ ಹೋಗುತ್ತವೆ.

ಮ್ಯಾನೇಜ್‌ಮೆಂಟ್ ಮತ್ತು ಕನ್ಸೋಲ್ ಕೇಬಲ್ ಎರಡಕ್ಕೂ ಬೇಕೇ?

ಖಂಡಿತ ಬೇಕು. ನೆಕ್ಸಸ್ 7000ದಂತಹ ಸ್ವಿಚ್‌ನಲ್ಲಿ ಮ್ಯಾನೇಜ್‌ಮೆಂಟ್ ಐಪಿ ವಿಳಾಸ ಸ್ವಿಚ್‌ಓವರ್ ಆದಾಗ ಹೊಸ ಆಕ್ಟಿವ್‌ಗೆ ಹೋಗುತ್ತದೆ. ಅಲ್ಲಿ ಕೇಬಲ್ ಇರದಿದ್ದರೆ ವಿಳಾಸವಿದ್ದೂ ದಾರಿಯಿಲ್ಲ. ಒಮ್ಮೆ ದೂರದ ಕೇಂದ್ರವೊಂದರಲ್ಲಿ ಬಳಕೆದಾರರ ಸಂಚಾರ ಸರಾಗವಾಗಿ ಸಾಗುತ್ತಿತ್ತು, ನಾವು ಮಾತ್ರ ಸ್ವಿಚ್‌ನ ಒಳಗೆ ಹೋಗಲಾರದೆ ಅಲ್ಲಿಗೆ ಜನ ಕಳಿಸಬೇಕಾಯಿತು. ಕಾರಣ, ಸಿಕ್ಕಿಸದೆ ಬಿಟ್ಟಿದ್ದ ಒಂದು ಕೇಬಲ್.

ಸ್ಟ್ಯಾಂಡ್‌ಬೈನ ಕನ್ಸೋಲ್‌ಗೆ ಸೇರಿಕೊಂಡರೆ ಅದು ನಿಷ್ಕ್ರಿಯವಾಗಿದೆ ಎಂಬ ಸಂದೇಶವಷ್ಟೇ ಬರುತ್ತದೆ. ಅದು ಕೆಟ್ಟಿಲ್ಲ, ಇರಬೇಕಾದದ್ದೇ ಹಾಗೆ.

ಪರೀಕ್ಷೆಯನ್ನು ಹೇಗೆ ಮಾಡಬೇಕು?

ನಿಗದಿತ ನಿರ್ವಹಣಾ ಅವಧಿಯಲ್ಲಿ, ಕನ್ಸೋಲ್ ಮುಂದೆ ಒಬ್ಬರು ಕುಳಿತಿರುವಾಗ. ಪಿಯರ್ ಸ್ಥಿತಿ ಹಾಟ್ ಎಂದು ನೋಡಿ, ಕಾನ್ಫಿಗರೇಶನ್ ಉಳಿಸಿ. ಚಾಸಿಸ್ ಮೂಲಕ ಹಾದುಹೋಗುವ ಎರಡು ಯಂತ್ರಗಳ ನಡುವೆ ನಿರಂತರ ಪಿಂಗ್ ಓಡಿಸಿ; ಒಂದೇ ವಿಎಲ್‌ಎಎನ್ ಒಳಗೆ ಒಂದು, ಬೇರೆ ಜಾಲಕ್ಕೆ ರೂಟ್ ಆಗಿ ಹೋಗುವುದು ಇನ್ನೊಂದು. ಆಮೇಲೆ ‘ರಿಡಂಡನ್ಸಿ ಫೋರ್ಸ್-ಸ್ವಿಚ್‌ಓವರ್’. ನಿಮ್ಮ ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋಗುತ್ತದೆ, ಅದು ನಿರೀಕ್ಷಿತ.

ವಿಎಲ್‌ಎಎನ್ ಒಳಗಿನ ಪಿಂಗ್‌ನಲ್ಲಿ ಒಂದೆರಡು ಉತ್ತರ ತಪ್ಪಿ ಮುಂದುವರಿದರೆ ಎಸ್‌ಎಸ್‌ಒ ಸರಿ ಇದೆ. ಅದು ಸರಿಯಿದ್ದು ರೂಟ್ ಆಗುವ ಪಿಂಗ್ ಮಾತ್ರ ಅರ್ಧ ನಿಮಿಷ ಸತ್ತರೆ ಎನ್‌ಎಸ್‌ಎಫ್ ಕಡೆ ದೋಷವಿದೆ. ಎರಡು ಪಿಂಗ್ ಬೇಕೆಂದದ್ದು ಇದಕ್ಕಾಗಿ.

ಹಳೆಯ ಆಕ್ಟಿವ್ ರೀಲೋಡ್ ಆಗಿ ಮತ್ತೆ ಸ್ಟ್ಯಾಂಡ್‌ಬೈ ಹಾಟ್ ಆಗುವವರೆಗೆ ಕಾಯಿರಿ. ಅದಕ್ಕೆ ಮೊದಲು ಎರಡನೆಯ ಸ್ವಿಚ್‌ಓವರ್ ಮಾಡಲು ಹೋದರೆ ಚಾಸಿಸ್ ಪೂರ್ತಿ ಬೀಳಬಹುದು. ಹಾಟ್ ಆದ ಮೇಲೆ ಮತ್ತೊಮ್ಮೆ ಸ್ವಿಚ್‌ಓವರ್ ಮಾಡಿ ಮೊದಲಿನ ಸ್ಥಿತಿಗೆ ತನ್ನಿ. ಎರಡೂ ದಿಕ್ಕಿನಲ್ಲಿ ಪರೀಕ್ಷಿಸದ ಜೋಡಿಯನ್ನು ನಾನು ಹಸ್ತಾಂತರಿಸುವುದಿಲ್ಲ. ಆಕ್ಟಿವ್ ಬೋರ್ಡ್ ಅನ್ನೇ ಕಿತ್ತು ಪರೀಕ್ಷಿಸುವ ಅಭ್ಯಾಸ ಕೆಲವರಿಗಿದೆ. ಪಿನ್‌ಗಳಿಗೆ ವೃಥಾ ಸವೆತ. ನನಗೆ ಅದು ಒಪ್ಪಿಗೆಯಿಲ್ಲ.

ಎರಡು ಇದ್ದರೆ ಸಾಫ್ಟ್‌ವೇರ್ ನವೀಕರಣಕ್ಕೂ ಸ್ವಿಚ್ ನಿಲ್ಲಿಸಬೇಕಿಲ್ಲವೇ?

ಐಎಸ್‌ಎಸ್‌ಯು (ಸೇವೆ ನಿಲ್ಲಿಸದೆ ಸಾಫ್ಟ್‌ವೇರ್ ನವೀಕರಿಸುವ ವಿಧಾನ) ಬೆಂಬಲವಿರುವ ಸ್ವಿಚ್ ಮತ್ತು ಆವೃತ್ತಿಗಳ ನಡುವೆ ನಿಜ. ಮೊದಲು ಸ್ಟ್ಯಾಂಡ್‌ಬೈಗೆ ಹೊಸ ಆವೃತ್ತಿ, ಸ್ವಿಚ್‌ಓವರ್, ನಂತರ ಇನ್ನೊಂದಕ್ಕೆ. ನಾಲ್ಕು ಹೆಜ್ಜೆಯ ಹಳೆಯ ಕ್ರಮದಲ್ಲಿ ನೀವು ಒಪ್ಪಿಗೆ ಕೊಡದಿದ್ದರೆ 45 ನಿಮಿಷದ ನಂತರ ಸ್ವಿಚ್ ತಾನಾಗಿಯೇ ಹಳೆಯ ಆವೃತ್ತಿಗೆ ಮರಳುತ್ತದೆ. ಯಾವ ಆವೃತ್ತಿಯಿಂದ ಯಾವುದಕ್ಕೆ ಹೀಗೆ ಹೋಗಬಹುದು ಎಂಬ ಹೊಂದಾಣಿಕೆ ಪಟ್ಟಿಯನ್ನು ತಯಾರಕರ ದಾಖಲೆಯಲ್ಲಿ ನೋಡದೆ ಶುರುಮಾಡಬೇಡಿ.

ಬೇರೆ ತಯಾರಕರ ಸ್ವಿಚ್‌ಗಳಲ್ಲೂ ಹೀಗೆಯೇ?

ತತ್ತ್ವ ಒಂದೇ, ಹೆಸರು ಬೇರೆ. ಜುನಿಪರ್‌ನಲ್ಲಿ ಇದು ರೂಟಿಂಗ್ ಎಂಜಿನ್. ಎಸ್‌ಎಸ್‌ಒಗೆ ಸಮನಾದದ್ದು ಜಿಆರ್‌ಇಎಸ್. ಅಲ್ಲಿ ಎನ್‌ಎಸ್‌ಆರ್ ಎಂಬುದೊಂದಿದೆ. ರೂಟಿಂಗ್ ಸಂಬಂಧಗಳನ್ನೂ ಒಳಗೇ ನಕಲು ಮಾಡಿಟ್ಟುಕೊಳ್ಳುವುದರಿಂದ ನೆರೆಯವರ ಸಹಾಯವೇ ಬೇಕಾಗುವುದಿಲ್ಲ. ಎನ್‌ಎಸ್‌ಆರ್ ಮತ್ತು ಗ್ರೇಸ್‌ಫುಲ್ ರೀಸ್ಟಾರ್ಟ್ ಎರಡನ್ನೂ ಅಲ್ಲಿ ಒಟ್ಟಿಗೆ ಹಾಕುವಂತಿಲ್ಲ. ಬದಲಾವಣೆಗಳು ಎರಡೂ ಎಂಜಿನ್‌ಗೆ ಹೋಗಲು ‘ಕಮಿಟ್ ಸಿಂಕ್ರೊನೈಸ್’ ಇರಲೇಬೇಕು. ಅರಿಸ್ಟಾದಲ್ಲಿ ಸೂಪರ್‌ವೈಸರ್ ಎಂದೇ ಹೆಸರು, ಆರ್‌ಪಿಆರ್ ಮತ್ತು ಎಸ್‌ಎಸ್‌ಒ ಎಂಬ ಪದಗಳೂ ಅವೇ. ಅರೂಬಾದಲ್ಲಿ ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಎನ್ನುತ್ತಾರೆ.

ಎರಡು ಸೂಪರ್‌ವೈಸರ್ ಇದ್ದರೆ ಎರಡನೆಯ ಚಾಸಿಸ್ ಬೇಡವೇ?

ಎರಡೂ ಬೇರೆ ಬೇರೆ ಅಪಾಯಗಳಿಗೆ ಉತ್ತರ. ಬೋರ್ಡ್ ಕೆಟ್ಟರೆ, ಅದರ ಸಾಫ್ಟ್‌ವೇರ್ ಕುಸಿದರೆ ಎರಡನೆಯ ಸೂಪರ್‌ವೈಸರ್ ಕಾಪಾಡುತ್ತದೆ. ಬ್ಯಾಕ್‌ಪ್ಲೇನ್ ಕೆಟ್ಟರೆ, ರ‍್ಯಾಕ್‌ಗೆ ವಿದ್ಯುತ್ ಹೋದರೆ ಕಾಪಾಡುವುದಿಲ್ಲ. ನೀವು ಕೊಟ್ಟ ತಪ್ಪು ಆದೇಶ ಆ ಕ್ಷಣವೇ ಸ್ಟ್ಯಾಂಡ್‌ಬೈಗೂ ತಲುಪುತ್ತದೆ. ಒಂದೇ ಆವೃತ್ತಿ ಓಡುವುದರಿಂದ ಒಂದೇ ದೋಷ ಎರಡನ್ನೂ ಕೆಡವಬಹುದು. ಎರಡೆರಡು ಕೇಬಲ್ ಎಳೆಯಬಲ್ಲ ಸರ್ವರ್‌ಗಳಿರುವ ಕಡೆ ನಾನು ಎರಡು ಚಾಸಿಸ್‌ಗೆ ಮತ ಹಾಕುತ್ತೇನೆ. ಒಂದೇ ಕೇಬಲ್ ಇರುವ ನೂರಾರು ಮೇಜುಗಳು ಒಂದು ಚಾಸಿಸ್‌ಗೆ ಬಂದು ಸೇರುವ ಮಹಡಿಯಲ್ಲಿ ಅವರಿಗೆ ಎರಡನೆಯ ಚಾಸಿಸ್‌ನಿಂದ ಪ್ರಯೋಜನವಿಲ್ಲ. ಅಲ್ಲಿ ಎರಡನೆಯ ಸೂಪರ್‌ವೈಸರ್‌ಗೆ ಬದಲಿಯೇ ಇಲ್ಲ.

ಕೆಟ್ಟ ಬೋರ್ಡ್ ತೆಗೆಯುವಾಗ, ಹಳೆಯದನ್ನು ಎತ್ತಿಡುವಾಗ ಗಮನಿಸಬೇಕಾದದ್ದು ಏನು?

ತೆಗೆಯಬೇಕಾದದ್ದು ಆಕ್ಟಿವ್ ಆಗಿದ್ದರೆ ಮೊದಲು ಸ್ವಿಚ್‌ಓವರ್ ಮಾಡಿ ಅದನ್ನು ಸ್ಟ್ಯಾಂಡ್‌ಬೈ ಆಗಿಸಿ. ಸ್ಲಾಟ್ ಸಂಖ್ಯೆಯನ್ನು ಪರದೆಯ ಮೇಲೆ ಒಮ್ಮೆ, ಚಾಸಿಸ್‌ನ ಅಂಚಿನಲ್ಲಿ ಒಮ್ಮೆ ಓದಿ, ‘ಆಕ್ಟಿವ್’ ದೀಪದ ಬಣ್ಣವನ್ನೂ ನೋಡಿ, ಆಮೇಲೆ ತಿರುಪಿಗೆ ಕೈ ಹಾಕಿ. ಅಪ್‌ಲಿಂಕ್ ಕೇಬಲ್‌ಗಳಿಗೆ ಕಳಚುವ ಮೊದಲೇ ಚೀಟಿ ಅಂಟಿಸಿ.

ಹೊರಬಂದ ಬೋರ್ಡ್ ಇನ್ನೂ ಚೆನ್ನಾಗಿದ್ದು ಬಿಡಿಭಾಗವಾಗಿ ಎತ್ತಿಡುವುದಾದರೆ, ಖಾಲಿ ಚಾಸಿಸ್ ಒಂದಿದ್ದರೆ ಅದರಲ್ಲಿ ಹಾಕಿ ‘ರೈಟ್ ಇರೇಸ್’ ಕೊಡಿ, ‘ವಿಎಲ್‌ಎಎನ್ ಡಾಟ್ ಡಿಎಟಿ’ ಎಂಬ ಫೈಲ್ ಅಳಿಸಿ. ನಂತರ ಸ್ಥಿರವಿದ್ಯುತ್ ನಿರೋಧಕ ಚೀಲದಲ್ಲಿ ಇಟ್ಟು, ಮೇಲೆ ಸಾಫ್ಟ್‌ವೇರ್ ಆವೃತ್ತಿ, ಮೆಮೊರಿ, ಅಳಿಸಿದ ದಿನಾಂಕ ಬರೆದ ಚೀಟಿ ಅಂಟಿಸಿ. ಖಾಲಿ ಚಾಸಿಸ್ ಇಲ್ಲದಿದ್ದರೆ ಚೀಟಿಯ ಮೇಲೆ ‘ಹಳೆಯ ಕಾನ್ಫಿಗರೇಶನ್ ಒಳಗಿದೆ, ಓಡುತ್ತಿರುವ ಚಾಸಿಸ್‌ಗೆ ಮಾತ್ರ ಹಾಕಿ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಯಿರಿ.